ಒಂದೇ ಅಕ್ಷರದ ಕಮಾಂಡು

ಬಹಳ ದಿನಗಳಾದವು ಈ ಕಡೆ ತಲೆ ಹಾಕಿ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇದ್ದ ಒಂದೇ ವಿಷಯ ಹೇಳಿಕೊಳ್ಳೋಕೆ ನಾಚಿಕೆ ಆಗುವಂಥದ್ದು. ಈಗ ಸ್ವಲ್ಪ ಹಳೆಯದಾಗಿದೆಯಲ್ಲ, ಹೇಳಿಬಿಡ್ತೀನಿ. ಕಂಪ್ಯೂಟರ್ ವಿಷಯ ಅಂತ ಅರ್ಧಕ್ಕೇ ಎದ್ದು ಹೋಗಬೇಡಿ, ತೋಟದ ಮೋಟರೂ ಬರುತ್ತೆ :-)

ನಾನಿರೋದು ಬೆಂಗಳೂರಿನ ಒಂದು ಪುಟ್ಟ ಕಂಪನಿಯಲ್ಲಿ. ಪಂಪ್‌ಸೆಟ್ಟಿಗೆ ಹಾಕುವ ಮೊಬೈಲ್ ಸ್ಟಾರ್ಟರ್ ಮಾಡ್ತೀವಿ. ಮನೆಯಲ್ಲಿ ಕೂತು ಒಂದು ಮೆಸೇಜ್ ಕಳಿಸಿದರೆ ತೋಟದ ಬೋರ್‌ವೆಲ್ ಮೋಟರ್ ಶುರುವಾಗುತ್ತೆ, ಸರಿಯಾಗಿ ಶುರುವಾಯ್ತು ಅಂತ ವಾಪಸ್ ಮೆಸೇಜೂ ಬರುತ್ತೆ. ತ್ರೀಫೇಸ್ ಕರೆಂಟು ರಾತ್ರಿ ಎರಡು ಗಂಟೆಗೆ ಬಂದರೂ ಬ್ಯಾಟರಿ ಹಿಡಿದು ಹಾವು ಚೇಳಿನ ಮಧ್ಯೆ ಹೋಗೋದು ತಪ್ಪುತ್ತೆ. ಅರಸೀಕೆರೆ ಹತ್ತಿರದ ನಮ್ಮ ತೆಂಗಿನ ತೋಟಕ್ಕೆ ಅಪ್ಪ ಎಷ್ಟೋ ವರ್ಷ ಹಾಗೇ ಹೋದವರು. ಹಾಗಾಗಿ ಈ ಕೆಲಸದ ಮೇಲೆ ನನಗೆ ಸಂಬಳಕ್ಕಿಂತ ಸ್ವಲ್ಪ ಹೆಚ್ಚೇ ಪ್ರೀತಿ.

ಡಬ್ಬಿಯೊಳಗೆ ಇರೋದು ಎಸ್‌ಟಿಎಂ32 ಜಾತಿಯ ಒಂದು ಚಿಪ್ಪು. ಅದರ ರ‍್ಯಾಮು 20 ಕೆಬಿ. ನಿಮ್ಮ ಪಾಸ್‌ಪೋರ್ಟ್ ಫೋಟೋ ಕೂಡ ಅದರಲ್ಲಿ ಹಿಡಿಯೋದು ಕಷ್ಟ. ಒಳಗೆ ಏನು ನಡೀತಿದೆ ಅಂತ ನೋಡೋಕೆ ಕಂಪ್ಯೂಟರಿನಿಂದ ಎಸ್‌ಟಿ-ಲಿಂಕ್ ಅನ್ನೋ ಸಾಧನ ಸಿಕ್ಕಿಸಬೇಕು. ಆಮೇಲೆ ಒಂದು ಟರ್ಮಿನಲ್ಲಿನಲ್ಲಿ ಓಪನ್‌ಓಸಿಡಿ ಶುರು ಮಾಡಬೇಕು. (2005ರಲ್ಲಿ ಡೊಮಿನಿಕ್ ರಾಥ್ ಅನ್ನೋ ಜರ್ಮನ್ ವಿದ್ಯಾರ್ಥಿ ಆಗ್ಸ್‌ಬರ್ಗಿನಲ್ಲಿ ತನ್ನ ಡಿಪ್ಲೊಮಾ ಪ್ರಬಂಧಕ್ಕೆ ಅಂತ ಶುರು ಮಾಡಿದ ತಂತ್ರಾಂಶ ಅದು. ನನ್ನ ಫೈನಲ್ ಇಯರ್ ಪ್ರಾಜೆಕ್ಟು ಎಲ್ಲಿದೆಯೋ ದೇವರೇ ಬಲ್ಲ.) ಅದು 3333ನೇ ಪೋರ್ಟಿನಲ್ಲಿ ಕಾಯುತ್ತಾ ಕೂರುತ್ತೆ. ಇನ್ನೊಂದು ಟರ್ಮಿನಲ್ಲಿನಲ್ಲಿ ಜಿಡಿಬಿ ತೆರೆದು ಆ ಪೋರ್ಟಿಗೆ ಸೇರಿಸಬೇಕು, ಚಿಪ್ಪನ್ನು ರಿಸೆಟ್ ಮಾಡಿ ನಿಲ್ಲಿಸಬೇಕು, ಹೊಸ ಪ್ರೋಗ್ರಾಮ್ ಲೋಡ್ ಮಾಡಬೇಕು, ಮೇನ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಅಲ್ಲಿವರೆಗೆ ಓಡಿಸಬೇಕು. ಮೂರನೇ ಟರ್ಮಿನಲ್ಲು ಸೀರಿಯಲ್ ಪೋರ್ಟಿಗೆ. ನಮ್ಮ ಹಳೇ ಬಾವಿಯ ಪಂಪು ಫುಟ್‌ವಾಲ್ವ್ ಲೀಕಾಗಿ, ಪ್ರತಿ ಸಲ ಎರಡು ಕೊಡ ನೀರು ಹುಯ್ದ ಮೇಲೇ ನೀರೆತ್ತುತ್ತಿತ್ತು. ಇದೂ ಹಾಗೇ. ದಿನಕ್ಕೆ ಮೂವತ್ತು ಸಲ ಕೊಡ ಹೊರೋರು ಯಾರು?

ಒಂದು ಶನಿವಾರ ಕೂತು ಬ್ಯಾಶ್ ಸ್ಕ್ರಿಪ್ಟ್ ಬರೆದೆ. ಬರೆಯೋದು ಸುಲಭ, ಪಳಗಿಸೋದು ಕಷ್ಟ ಅಂತ ಆಮೇಲೆ ಗೊತ್ತಾಯ್ತು. ಕೇಬಲ್ ಕಿತ್ತು ಹಾಕಿದರೆ ಯುಎಸ್‌ಬಿ ಸೊನ್ನೆ ಇದ್ದದ್ದು ಯುಎಸ್‌ಬಿ ಒಂದು ಆಗಿಬಿಡುತ್ತೆ, ಅದಕ್ಕೆ ಹೆಸರಿನ ಬದಲು ಸೀರಿಯಲ್ ನಂಬರಿನಿಂದ ಹುಡುಕೋ ಹಾಗೆ ಮಾಡಿದೆ. ಹಿಂದಿನ ಓಪನ್‌ಓಸಿಡಿ ಸಾಯದೆ ಎಸ್‌ಟಿ-ಲಿಂಕನ್ನು ಹಿಡಿದುಕೊಂಡಿರುತ್ತೆ, ಅದಕ್ಕೆ ಹೊರಗೆ ಹೋಗುವಾಗ ಕೊಂದು ಹೋಗೋಕೆ ಟ್ರ್ಯಾಪ್ ಹಾಕಿದೆ. ಎಲ್ಲಕ್ಕಿಂತ ಕಾಡಿದ್ದು ಕಂಟ್ರೋಲ್-ಸಿ. ಜಿಡಿಬಿಯಲ್ಲಿ ಪ್ರೋಗ್ರಾಮ್ ನಿಲ್ಲಿಸೋಕೆ ಅದನ್ನೇ ಒತ್ತಬೇಕು. ಆದರೆ ಎರಡನ್ನೂ ಒಂದೇ ಸ್ಕ್ರಿಪ್ಟಿನಿಂದ ಹೊರಡಿಸಿದರೆ ಆ ಸಿಗ್ನಲ್ಲು ಹಿಂದೆ ಕೂತಿರೋ ಓಪನ್‌ಓಸಿಡಿಗೂ ಹೋಗಿ ಅದೂ ಪ್ರಾಣ ಬಿಡುತ್ತೆ! ಎರಡು ದಿನ ಒದ್ದಾಡಿ, ಕೊನೆಗೆ ಅದನ್ನು ಸೆಟ್‌ಸಿಡ್‌ನಿಂದ ಬೇರೆ ಸೆಷನ್ನಿನಲ್ಲಿ ಕೂರಿಸಿದ ಮೇಲೆ ಸರಿಹೋಯ್ತು. ಸ್ಕ್ರಿಪ್ಟಿಗೆ 'ಡಿ' ಅಂತ ಅಲಿಯಾಸ್ ಕೊಟ್ಟೆ. ಡಿ, ಎಂಟರ್, ಅಷ್ಟೇ. ಇಡೀ ಟೀಮು ಅದನ್ನೇ ಬಳಸತೊಡಗಿತು. ಬೀಗಿದೆ ಅನ್ನಿ.

ಆ ಹೊತ್ತಿಗೆ ತೋಟಗಳಿಂದ ದೂರು ಬರೋಕೆ ಶುರುವಾಗಿತ್ತು. ಸ್ಟಾರ್ಟರು ಇದ್ದಕ್ಕಿದ್ದಂತೆ ಮೂಕ. ದೀಪ ಉರೀತಿರುತ್ತೆ, ಮೆಸೇಜಿಗೆ ಉತ್ತರ ಇಲ್ಲ. ರೈತರು ಮತ್ತೆ ಅದೇ ನಡುರಾತ್ರಿ ತೋಟಕ್ಕೆ ಹೋಗಿ ಕರೆಂಟು ತೆಗೆದು ಹಾಕಬೇಕು. ಒಬ್ಬರು ಫೋನಿನಲ್ಲಿ, "ಇದ್ಕಿಂತ ನಮ್ ಹಳೇ ಹಸಿರು ಬಟನ್ನೇ ವಾಸಿ ಕಣಪ್ಪ, ಅದು ನಂಬ್ಸಿ ಮೋಸ ಮಾಡ್ತಿರ್ಲಿಲ್ಲ" ಅಂದರು. ಅಪ್ಪನ ದನಿಯ ಹಾಗೇ ಇತ್ತು. ಚಿಪ್ಪು ಸ್ತಬ್ಧವಾದರೆ ರಿಸೆಟ್ ಮಾಡೋಕೆ ವಾಚ್‌ಡಾಗ್ ಇಲ್ವಾ ಅಂತ ಬಲ್ಲವರು ಕೇಳ್ತೀರಿ. ಇತ್ತು. ಆದರೆ ಆ ನಾಯಿಗೆ ಅನ್ನ ಹಾಕ್ತಿದ್ದದ್ದು ಟೈಮರ್ ಇಂಟರಪ್ಟು. ಮನೆ ಯಜಮಾನ ಎಚ್ಚರ ತಪ್ಪಿ ಬಿದ್ದಿದ್ದರೂ ಹೊತ್ತು ಹೊತ್ತಿಗೆ ಅನ್ನ ಬೀಳ್ತಿತ್ತು, ನಾಯಿ ಯಾಕೆ ಬೊಗಳುತ್ತೆ?

ಆಫೀಸಿನಲ್ಲಿ ಒಂದು ಬೋರ್ಡನ್ನು ಸುಮ್ಮನೆ ಓಡೋಕೆ ಬಿಟ್ಟೆವು, ಎಂದಾದರೂ ಅದೂ ಮೂಕವಾಗಲಿ ಅಂತ. ಒಂದು ವಾರ ಏನೂ ಇಲ್ಲ. ಎರಡು ವಾರ, ಇಲ್ಲ. ಹದಿನೇಳನೇ ದಿನ ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು ಬಂದು ನೋಡ್ತೀನಿ, ಸೀರಿಯಲ್ ಪರದೆ ನಿಂತಿದೆ! ಖುಷಿಗೆ ಕೈ ನಡುಗಿತು. ಕಪ್ ಪಕ್ಕಕ್ಕಿಟ್ಟು ಎಸ್‌ಟಿ-ಲಿಂಕ್ ಸಿಕ್ಕಿಸಿ...

ಡಿ. ಎಂಟರ್.

ನಿಮಗೆ ಅರ್ಥ ಆಗಿರುತ್ತೆ. ರಿಸೆಟ್, ಲೋಡ್, ಮೇನ್ ತನಕ ಓಟ. ಎಲ್ಲಾ ಸೇರಿ ನಾಲ್ಕು ಸೆಕೆಂಡು. ರಿಸೆಟ್ ಆದ ಕ್ಷಣಕ್ಕೇ ಚಿಪ್ಪು ಎಲ್ಲಿ ಸಿಕ್ಕಿಹಾಕಿಕೊಂಡಿತ್ತು ಅನ್ನೋದು ಹೋಯ್ತು. ಮೇನ್‌ಗೆ ಬರೋ ಮುಂಚೆ ಶುರುವಿನ ಕೋಡು ರ‍್ಯಾಮಿನ ಬಫರುಗಳನ್ನೆಲ್ಲ ಸೊನ್ನೆ ಮಾಡುತ್ತೆ, ಅದೂ ಆಯ್ತು. ಹದಿನೇಳು ದಿನ ಕಾದ ಸಾಕ್ಷಿಯನ್ನು ನಾನೇ ಚೊಕ್ಕವಾಗಿ ಗುಡಿಸಿ ಸಾರಿಸಿಬಿಟ್ಟಿದ್ದೆ. ಪಕ್ಕದಲ್ಲಿ ಕೂರೋ ದಾವಣಗೆರೆಯ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳು, ಇಣುಕಿ ನೋಡಿ "ಅಯ್ಯ, ನೀವಾ ಒತ್ತಿಬಿಟ್ರೇನ್ರೀ?" ಅಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಮ್ಯಾನೇಜರಿಗೆ ಹೇಳೋಕೆ ಮಧ್ಯಾಹ್ನದ ತನಕ ಧೈರ್ಯ ಬರಲಿಲ್ಲ. ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಆ ಕಮಾಂಡುಗಳನ್ನು ಕೈಯಲ್ಲೇ ಒಂದೊಂದಾಗಿ ಹೊಡೆಯುತ್ತಿದ್ದ ಕಾಲದಲ್ಲಾಗಿದ್ದರೆ ಲೋಡ್ ಅಂತ ಬರೆಯುವಾಗ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತೇನೋ. ಕೊಡ ಹೊರುವಾಗ ಬಾವಿಯೊಳಗೆ ಒಂದು ಸಲ ಇಣುಕಿ ನೋಡ್ತೀವಲ್ಲ, ಹಾಗೆ. ಸ್ಕ್ರಿಪ್ಟು ನನ್ನ ಶ್ರಮದ ಜೊತೆ ಆ ಒಂದು ಕ್ಷಣವನ್ನೂ ಉಳಿಸಿಬಿಟ್ಟಿತ್ತು.

ಅವತ್ತು ಸಂಜೆ ಅವಳೂ ನಾನೂ ಕೂತು ಅದನ್ನು ಬಿಚ್ಚಿದೆವು. ಬೇರೇನೂ ಹೇಳದೆ ಡಿ ಅಂದರೆ ಈಗ ಅದು ಏನನ್ನೂ ಅಳಿಸಲ್ಲ. ಚಿಪ್ಪನ್ನು ಇದ್ದಲ್ಲೇ ನಿಲ್ಲಿಸಿ, ಮೊದಲು ರಿಜಿಸ್ಟರುಗಳನ್ನು ಬರೆದುಕೊಂಡು, 20 ಕೆಬಿ ರ‍್ಯಾಮನ್ನು ತಾರೀಖು ಹಾಕಿ ಫೈಲಿಗಿಳಿಸಿ, ಬ್ಯಾಕ್‌ಟ್ರೇಸ್ ತೋರಿಸುತ್ತೆ. ಕಾನ್ಫಿಗ್ ಫೈಲಿನಲ್ಲಿ ಸಿಕ್ಕಿಸಿದ ತಕ್ಷಣ ರಿಸೆಟ್ ಎಳೆಯೋ ಒಂದು ಸಾಲಿತ್ತು, ಅವಳೇ ಕಂಡುಹಿಡಿದದ್ದು. ಅದಿದ್ದರೆ ಉಳಿದಿದ್ದೆಲ್ಲ ವ್ಯರ್ಥ ಆಗ್ತಿತ್ತು. ಹೊಸ ಪ್ರೋಗ್ರಾಮ್ ಹಾಕಬೇಕಂದರೆ ಬೇರೆಯಾಗಿ ಹೇಳಬೇಕು, ಅದು ಒಂದು ಪ್ರಶ್ನೆ ಕೇಳುತ್ತೆ.

ಮತ್ತೆ ಕಾದೆವು. ಇಪ್ಪತ್ಮೂರು ದಿನ. ಈ ಸಲ ಕೀಬೋರ್ಡ್ ಮುಟ್ಟಿದ್ದು ಅವಳು, ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಬ್ಯಾಕ್‌ಟ್ರೇಸ್ ನೇರವಾಗಿ ಒಂದು ವೈಲ್ ಲೂಪಿಗೆ ಕರೆದೊಯ್ತು. ಉತ್ತರದ ಮೆಸೇಜ್ ಕಳಿಸುವ ಮುಂಚೆ ಜಿಎಸ್‌ಎಂ ಮೋಡೆಮ್ ಒಂದು ಚಿಹ್ನೆ ಕಳಿಸಬೇಕು, ಅದಕ್ಕೆ ಕಾಯುವ ಲೂಪು. ಇಷ್ಟು ಹೊತ್ತಾದರೂ ಬರದಿದ್ದರೆ ಬಿಟ್ಟುಬಿಡು ಅನ್ನೋ ಮಾತೇ ಅದರಲ್ಲಿಲ್ಲ. ರ‍್ಯಾಮಿನ ಬಫರಿನಲ್ಲಿ ಆ ಚಿಹ್ನೆಯ ಬದಲು ಮೋಡೆಮ್ ಆಗ ತಾನೇ ಹೊಸದಾಗಿ ಎದ್ದಾಗ ಕಳಿಸೋ ಮೂರಕ್ಷರ ಕೂತಿತ್ತು. ಅಂದರೆ ಮಧ್ಯದಲ್ಲೇ ಅದು ಸತ್ತು ಹುಟ್ಟಿದೆ. ಸಿಗ್ನಲ್ ಕಳಿಸುವಾಗ ಅದು ಕ್ಷಣಮಾತ್ರ 2 ಆಂಪಿಯರ್ ತನಕ ಎಳೆಯುತ್ತೆ, ನಮ್ಮ ಬೋರ್ಡಿನ ಕೆಪಾಸಿಟರು ಅಷ್ಟಕ್ಕೆ ತಡೀತಿರಲಿಲ್ಲ. ಕೆಪಾಸಿಟರ್ ದೊಡ್ಡದಾಯ್ತು, ಲೂಪಿಗೆ ಗಡುವು ಬಂತು, ನಾಯಿಗೆ ಅನ್ನ ಹಾಕೋ ಕೆಲಸ ಯಜಮಾನನಿಗೇ ಹೋಯ್ತು. ಆ ಲೂಪು ಬರೆದವರು ಯಾರು ಅಂತ ದಯವಿಟ್ಟು ಕೇಳಬೇಡಿ.

ಸ್ಕ್ರಿಪ್ಟು ಕೇಳೋ ಪ್ರಶ್ನೆಯನ್ನು ನಾವು ಕನ್ನಡದಲ್ಲೇ ಇಟ್ಟಿದ್ದೀವಿ: "ಇದ್ದದ್ದನ್ನೆಲ್ಲ ಅಳಿಸಲಾ?" ಹೌದು ಅಂತ ಪೂರ್ತಿ ಟೈಪ್ ಮಾಡಬೇಕು, ಬರೀ ಎಂಟರ್ ನಡೆಯಲ್ಲ. ನಮ್ಮ ಟೀಮಿನ ಒಡಿಶಾದ ಹುಡುಗ ಕಲಿತ ಮೊದಲ ಕನ್ನಡ ಪದ ಅದೇ. ತೊಂದರೆ ಒಂದೇ, ಟರ್ಮಿನಲ್ಲಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣಿಸ್ತವೆ. ಅದನ್ನು ಸರಿಯಾಗಿ ಮೂಡಿಸೋ ಟರ್ಮಿನಲ್ಲು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.