ಗುಬ್ಬಿಗೆ ಅಕ್ಕಿ ಹಾಕಿದರೆ ಸಾಲದು

ಡೊಂಬಿವಲಿಗೆ ನಾನು ಬಂದದ್ದು 1994ರಲ್ಲಿ. ಹೆಂಚಿನ ಚಾಳು, ಅಂಗಳದಲ್ಲಿ ದಾಸವಾಳ, ನಿಂಬೆ. ಟ್ಯೂಬ್‌ಲೈಟಿನ ಹಿಂದೆ, ದೇವರ ಫೋಟೋ ಹಿಂದೆ ಗುಬ್ಬಿ ಸಂಸಾರ. "ಫ್ಯಾನ್ ಹಾಕೋ ಮುಂಚೆ ಮೇಲೆ ನೋಡೋ" ಅಂತ ಊರಿಂದ ಬಂದಾಗೆಲ್ಲ ಅಮ್ಮ ಗದರುತ್ತಿದ್ದಳು.

ಈಗ ಅಲ್ಲಿ ಏಳಂತಸ್ತಿನ ಸೊಸೈಟಿ. ಸಂದಿಯಿಲ್ಲದ ಗೋಡೆ, ಕೆಳಗೆ ಲಾನ್, ಪಾಮ್. ಗುಬ್ಬಿ ಇಲ್ಲ. ಎಲ್ಲರೂ ಮೊಬೈಲ್ ಟವರನ್ನು ಬೈಯುತ್ತಾರೆ; ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಭಾರತದ ಪಕ್ಷಿಗಳ ಸ್ಥಿತಿಗತಿ ಕುರಿತ 2020ರ ವರದಿ ಪ್ರಕಾರ ಒಟ್ಟು ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಸ್ಥಿರ, ಮುಂಬೈ, ಬೆಂಗಳೂರಿನಂಥ ಮಹಾನಗರಗಳಲ್ಲಿ ಇಳಿಮುಖ. ಹೆಡ್ ಆಫೀಸಿನ ಲೆಕ್ಕ ಸರಿಯಿದೆ, ನಮ್ಮ ಬ್ರಾಂಚ್ ಮಾತ್ರ ನಷ್ಟದಲ್ಲಿ!

ದೊಡ್ಡ ಗುಬ್ಬಿ ಕಾಳು ತಿನ್ನುತ್ತೆ ನಿಜ. ಆದರೆ ಮರಿಗೆ ಮೊದಮೊದಲು ಬೇಕಾದದ್ದು ಹುಳು. ನಮ್ಮಲ್ಲೋ ತಿಂಗಳಿಗೊಮ್ಮೆ ಔಷಧಿ ಹೊಡೆಸುತ್ತಾರೆ. 2010ರಲ್ಲಿ ಶುರುವಾದ ಗುಬ್ಬಿ ದಿನ ಇದೆಯಲ್ಲ, ಮಾರ್ಚ್ 20, ಅವತ್ತು ಅದೇ ಜನ ಮರದ ಗೂಡು ಕಟ್ಟಿದರು. ಮೂರು ವರ್ಷವಾಯ್ತು, ಖಾಲಿ.

ಮೀಟಿಂಗಿನಲ್ಲಿ ಜಗಳ ಮಾಡಿ ವಾಚ್‌ಮನ್ ಕೋಣೆಯ ಹಿಂದೆ ಹತ್ತಡಿ ಜಾಗ ಗಿಟ್ಟಿಸಿದ್ದೇನೆ. ಅಲ್ಲಿ ಔಷಧಿ ಹೊಡೆಯುವಂತಿಲ್ಲ. ದಾಸವಾಳ, ನಿಂಬೆ ನೆಟ್ಟಿದ್ದೇವೆ. ನಿಂಬೆ ಎಲೆಗಳಲ್ಲಿ ಆಗಲೇ ತೂತು ಬಿದ್ದಿವೆ.