ಹಾರೋಹಳ್ಳಿಯ ಗೂಡು, ಪೋಕರ್ ಆಟದ ಸೋಗು

ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ಸುಮಾರು 40 ಕಿ.ಮೀ. ಸಾಗಿದರೆ ಹಾರೋಹಳ್ಳಿ. ಒಂದೆಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಕಾಲೇಜು ಬಸ್ಸುಗಳ ಓಡಾಟ. ಸುತ್ತಲಿನ ಹಳ್ಳಿಗಳತ್ತ ತಿರುಗಿದರೆ ಹಿಪ್ಪುನೇರಳೆ ತೋಟ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಹುಟ್ಟುವುದು ರೇಷ್ಮೆಗೂಡಿನಿಂದಲೇ.

ನಾಲ್ಕು ವಾರ ನಿದ್ದೆಗೆಟ್ಟು ಹುಳು ಸಾಕಿದರೂ ಆತಂಕ ಮುಗಿಯುವುದಿಲ್ಲ. ಗೂಡು ಕಟ್ಟಿದ ಹತ್ತು-ಹನ್ನೆರಡು ದಿನಗಳಲ್ಲಿ ಚಿಟ್ಟೆ ಅದನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಅಷ್ಟರೊಳಗೆ ಗೂಡು ರಾಮನಗರದಂಥ ಸರ್ಕಾರಿ ಮಾರುಕಟ್ಟೆ ಸೇರಬೇಕು. ಹರಾಜಿನ ಬೆಲೆ ಸಾಲದೆನಿಸಿದರೆ ಬೇಡವೆನ್ನುವ ಹಕ್ಕು ರೈತನಿಗುಂಟು. ಆದರೆ ಎಷ್ಟು ದಿನ ಬೇಡವೆಂದಾನು? ಅವನಿಗೆ ಕಾಯಲು ವ್ಯವಧಾನವಿಲ್ಲವೆಂಬುದು ನೂಲು ಬಿಚ್ಚಾಣಿಕೆದಾರರಿಗೂ ಗೊತ್ತು.

ಇಸ್ಪೀಟಿನ ಪೋಕರ್ ಆಟ ನಿಂತಿರುವುದೂ ಇಂಥದೇ ಲೆಕ್ಕದ ಮೇಲೆ. ಪ್ರತಿಯೊಬ್ಬರ ಕೈಯಲ್ಲಿ ಎರಡು ಗುಪ್ತ ಎಲೆ. ನಡುವೆ ಎಲ್ಲರಿಗೂ ಕಾಣುವ ಮೂರು ಎಲೆ. ಆ ಮೂರು ರಾಜ, ಏಳು, ಎರಡು ಎಂದು ಬಂದು, ಬಣ್ಣವೂ ಬೇರೆ ಬೇರೆಯಾಗಿದ್ದರೆ ಅದನ್ನು ‘ಒಣ’ ಹಾಸು ಎನ್ನುತ್ತಾರೆ. ಕೈಯಲ್ಲಿ ಜೋಡಿ ಇಲ್ಲದವನಿಗೆ ಮೂರರಲ್ಲಿ ಎರಡು ಸಲ ಈ ಮೂರೆಲೆಯಿಂದಲೂ ಜೋಡಿ ಸಿಗದು. ಆದ್ದರಿಂದಲೇ ಇಲ್ಲಿ ಸೋಗಿಗೆ ಅವಕಾಶ ಹೆಚ್ಚು. ನಡುವೆ 100 ರೂಪಾಯಿ ಇದ್ದಾಗ 50 ಕಟ್ಟಿ ಹೆದರಿಸಿದರೆ, ಮೂರು ಸಲದಲ್ಲಿ ಒಮ್ಮೆ ಎದುರಾಳಿ ಎಲೆ ಕೆಳಗಿಟ್ಟರೂ ಲಾಭ-ನಷ್ಟ ಸರಿಹೋಗುತ್ತದೆ. ಇನ್ನೊಂದು ಉಪಾಯವೆಂದರೆ, ಮೊದಲು ಸುಮ್ಮನಿದ್ದು, ಎದುರಾಳಿ ಹಣ ಕಟ್ಟಿದ ಮೇಲೆ ಏರಿಸುವುದು. ಸುಮ್ಮನಿದ್ದವನ ಬಳಿ ರಾಜನ ಜೋಡಿಯೂ ಇರಬಹುದು, ಏನೂ ಇಲ್ಲದಿರಬಹುದು; ಆ ಅನುಮಾನವೇ ಅವನ ಬಲ. ಗಣಿತಜ್ಞ ಜಾನ್ ವಾನ್ ನ್ಯೂಮನ್, ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸೋಗನ್ನೂ ಗಣಿತವಾಗಿಯೇ ವಿವರಿಸಿದರು.

ಆದರೆ ಎಲೆ ಮುಚ್ಚಿದ್ದರಷ್ಟೇ ಸೋಗು. ರೈತನ ಎಲೆ ಎಲ್ಲರ ಕಣ್ಣ ಮುಂದಿದೆ: ಗೂಡಿನ ವಯಸ್ಸು, ಗಟ್ಟಿತನ, ಡಾಗು. ಅವನನ್ನು ಕಾಯುವುದು ಜಾಣ ಮೌನವಲ್ಲ. ಒಳ್ಳೆಯ ಗೂಡು, ನೇರ ತೂಕ, ಹತ್ತಾರು ಮಂದಿ ಪೈಪೋಟಿಯಿಂದ ಕೂಗುವ ಹರಾಜು. ಗೂಡಿನ ಮಾರಾಟವನ್ನು ಸರ್ಕಾರಿ ಮಾರುಕಟ್ಟೆಯ ಕಟ್ಟಿಗೆ ತಂದ 1959ರ ರಾಜ್ಯ ಕಾಯಿದೆಯ ಬೆಲೆ ತಿಳಿಯುವುದು ಇಲ್ಲಿಯೇ.

ಕಾಲೇಜು ಹುಡುಗರ ಮೊಬೈಲಿಗೆ ಪೋಕರ್ ಬಂದದ್ದೂ ಹಣದ ಆಸೆ ತೋರಿಸಿಯೇ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು. ಸಂಭಾವ್ಯತೆಯ ಪಾಠ ಮಾತ್ರ ನಿಷೇಧವಾಗಿಲ್ಲ. ಹುಣಿಸೆಬೀಜ ಪಣಕ್ಕಿಟ್ಟು ಮನೆಯ ಜಗಲಿಯಲ್ಲೇ ಅದನ್ನು ಕಲಿಯಬಹುದು. ಗೂಡು ಮಾರಿದ ಹಣ ಫೀಸಿಗೇ ಉಳಿಯುತ್ತದೆ.