ಒಲೆಯಿಲ್ಲದ ಮನೆಗೆ ಬಂದ ಸಾಮಾನು

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯಲ್ಲಿ ಊರೂರಿನ ಮಳೆಯನ್ನು ನಕ್ಷೆಯ ಮೇಲೆ ತೋರಿಸಿ, ಆಲೂಗೆಡ್ಡೆಯ ಬಿತ್ತನೆಗೆ ತಕ್ಕ ಕಾಲವನ್ನು ತಿಳಿಯಬೇಕೆಂಬ ಆಸೆಯು ನಮಗುಂಟಾಯಿತು. ಅದಕ್ಕೆ ‘ಆರ್’ ಎಂಬ ಗಣಕಭಾಷೆಯನ್ನು ಆರಿಸಿಕೊಂಡೆವು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಎಂಬ ಪಂಡಿತರು ರಚಿಸಿ, 1993ರಲ್ಲಿ ಲೋಕಕ್ಕೆ ತಿಳಿಸಿದ ಈ ಭಾಷೆಯು ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುತ್ತದೆ.

ನಕ್ಷೆಗೆ ಬೇಕಾದ ‘ಎಸ್‌ಎಫ್’ ಪ್ಯಾಕೇಜನ್ನು ಉಬುಂಟು ಯಂತ್ರದಲ್ಲಿ ಹೂಡಹೋದಾಗ ಕಾರ್ಯವು ನಡುವೆಯೇ ನಿಂತಿತು. ಜೊತೆಗಿದ್ದ ಹುಡುಗಿಯು, “ಇದು ನಮ್ಮಂಥವರಿಗಲ್ಲ ಬಿಡಿ, ಅಕ್ಕಾ” ಎಂದಳು. ಆ ಮಾತು ನಮ್ಮನ್ನು ನೋಯಿಸಿತು.

ಒಂದು ಪ್ಯಾಕೇಜಿಗೆ ಬೇಕಾದ ಇತರ ಪ್ಯಾಕೇಜುಗಳನ್ನು ಆರ್ ತಾನೇ ತರಿಸಿಕೊಳ್ಳುವುದು. ಆದರೆ ಜಿಡಿಎಎಲ್, ಜಿಯೋಸ್, ಪ್ರಾಜ್, ಯುಡಿಯುನಿಟ್ಸ್ ಎಂಬ ನಾಲ್ಕು ಆರ್‌ಗೆ ಸೇರಿದವಲ್ಲ; ಅವು ಯಂತ್ರದಲ್ಲಿ ಮೊದಲೇ ಇರತಕ್ಕವು. ಅಂಗಡಿಯವನು ಅಕ್ಕಿಬೇಳೆಯನ್ನು ಕಳುಹಿಸಿಯಾನು. ಒಲೆಯೂ ಒರಳೂ ಮನೆಯಲ್ಲಿರಬೇಕಷ್ಟೆ! ಅವುಗಳಲ್ಲಿಯೂ ಹೆಸರಿನ ಕೊನೆಗೆ ‘ಡೆವ್’ ಎಂದಿರುವ ಭಾಗವಿಲ್ಲದೆ ಮೂಲದಿಂದ ಕಟ್ಟುವ ಕೆಲಸವು ಸಾಗದು. ದೋಷಸೂಚನೆಯ ಕಡೆಯ ಸಾಲು ಬರಿದೇ ‘ಆಗಲಿಲ್ಲ’ವೆನ್ನುವುದು, ಯಾವುದು ಇಲ್ಲವೆಂಬುದನ್ನು ಮೇಲಿನ ಸಾಲುಗಳು ಹೇಳುವುವು. ಅವನ್ನು ಹುಡುಗಿಯಿಂದಲೇ ಓದಿಸಿದೆವು. ‘ಆಪ್ಟ್’ ಆಜ್ಞೆಯಿಂದ ಅವಳೇ ನಾಲ್ಕನ್ನೂ ತರಿಸಿದಳು. ಎಸ್‌ಎಫ್ ನೆಲೆಗೊಂಡಿತು, ಹೋಬಳಿಯ ನಕ್ಷೆಯು ಮೂಡಿತು.

ತಾಯಿತಂದೆಗಳೇ, ನಿಮ್ಮ ಮಗಳು ವಿದ್ಯೆಯಲ್ಲಿ ಎಡವಿ ನಿಂತರೆ, ಬುದ್ಧಿ ಸಾಲದೆಂದು ಬಗೆಯದಿರಿ. ಅವಳಿಗಾಗಿ ಮೊದಲೇ ಒದಗಿಸಬೇಕಾದುದು ಯಾವುದು ಉಳಿದುಹೋಯಿತೆಂದು ವಿಚಾರಿಸಿರಿ.